ಸೆಟ್ಟಿಂಗ್ ಇಲ್ಲದಿದ್ದರೆ ಸರ್ವರ್ ಏಳಲೇಬಾರದು

ನಮಸ್ಕಾರ. ಇವತ್ತು ಒಂದು ಓಟಿಪಿ ಕಥೆಯಿಂದ ಶುರು ಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ಶನಿವಾರ ಸಂಜೆ ನಮ್ಮ ಪ್ರೋಗ್ರಾಮಿನ ಹೊಸ ವರ್ಷನ್ ಬಿಟ್ಟೆವು. ಶನಿವಾರ ಯಾಕೆ ಬಿಟ್ಟಿರಿ ಅಂತ ಕೇಳಬೇಡಿ, ಆಗ ಬುದ್ಧಿ ಇರಲಿಲ್ಲ. ಸ್ಟೇಜಿಂಗ್‌ನಲ್ಲಿ, ಅಂದರೆ ಬಿಡುವ ಮುಂಚೆ ಪರೀಕ್ಷೆ ಮಾಡುವ ಸರ್ವರ್‌ನಲ್ಲಿ, ಎಲ್ಲ ಸರಿ ಇತ್ತು. ಪ್ರೊಡಕ್ಷನ್‌ಗೆ, ಅಂದರೆ ಗ್ರಾಹಕರು ಬಳಸುವ ಅಸಲಿ ಸರ್ವರ್‌ಗೆ, ಹೋದ ಮೇಲೂ ಡ್ಯಾಶ್‌ಬೋರ್ಡ್ ತುಂಬ ಹಸಿರು. ಒಂದೂ ಎರರ್ ಇಲ್ಲ. ಖುಷಿಯಾಗಿ ಊಟಕ್ಕೆ ಹೋದೆವು. ಭಾನುವಾರ ಬೆಳಿಗ್ಗೆ ಸಪೋರ್ಟ್ ಟೀಮಿನಿಂದ ಫೋನ್. "ಸರ್, ರಾತ್ರಿಯಿಂದ ಯಾರಿಗೂ ಲಾಗಿನ್ ಆಗ್ತಾ ಇಲ್ಲ. ಓಟಿಪಿ ಬರ್ತಾ ಇಲ್ಲ."

ಪ್ರೋಗ್ರಾಮ್ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಲಾಗ್ ತೆರೆದು ನೋಡಿದರೆ ಸಾಲು ಸಾಲಾಗಿ 'ಓಟಿಪಿ ಸೆಂಟ್, ಓಟಿಪಿ ಸೆಂಟ್' ಅಂತ ಇದೆ. ಪಕ್ಕದಲ್ಲೇ ಆ ಆರು ಅಂಕಿಗಳೂ ಇವೆ. ಲಾಗ್‌ನಲ್ಲಿ ಓಟಿಪಿ ಕಾಣಿಸಬಾರದು ಅಲ್ವಾ? ಅಲ್ಲೇ ಹೊಳೆಯಿತು.

ಕೋಡ್‌ನಲ್ಲಿ ಒಂದು ಸಾಲಿತ್ತು. ಎಸ್ಸೆಮ್ಮೆಸ್ ಯಾರ ಮೂಲಕ ಕಳಿಸಬೇಕು ಅನ್ನುವುದನ್ನು ಎನ್ವಿರಾನ್‌ಮೆಂಟ್ ವೇರಿಯಬಲ್‌ನಿಂದ (ಕೋಡ್‌ನ ಹೊರಗೆ, ಸರ್ವರ್‌ನಲ್ಲಿ ಒಂದು ಹೆಸರು ಕೊಟ್ಟು ಇಡುವ ಸೆಟ್ಟಿಂಗ್) ಓದು, ಅದು ಸಿಗದಿದ್ದರೆ 'ಮಾಕ್' ಅಂತ ಇಟ್ಟುಕೋ. ಮಾಕ್ ಅಂದರೆ ನಮ್ಮ ಲ್ಯಾಪ್‌ಟಾಪ್‌ಗಳಿಗಾಗಿ ಮಾಡಿಕೊಂಡಿದ್ದ ಸುಳ್ಳು ಎಸ್ಸೆಮ್ಮೆಸ್. ಅದು ಯಾರಿಗೂ ಏನೂ ಕಳಿಸುವುದಿಲ್ಲ, ಸುಮ್ನೆ ಲಾಗ್‌ಗೆ ಬರೆದು 'ಕಳಿಸಿದೆ' ಅನ್ನುತ್ತದೆ. ಆ ವೇರಿಯಬಲ್ ಆ ಸಲವೇ ಹೊಸದಾಗಿ ಬಂದಿದ್ದು. ಸ್ಟೇಜಿಂಗ್‌ನಲ್ಲಿ ಅದನ್ನು ಇನ್ನೊಬ್ಬರು ಸರಿಯಾಗಿ ಹಾಕಿದ್ದರು. ಪ್ರೊಡಕ್ಷನ್‌ನಲ್ಲಿ ಹೆಸರಿನ ಕೊನೆಗೆ ಒಂದು 'ಎಸ್' ಜಾಸ್ತಿ ಬಿದ್ದಿತ್ತು. ಆ 'ಎಸ್' ಟೈಪ್ ಮಾಡಿದ ಬೆರಳು ನನ್ನದೇ.

ಆದರೂ ನನ್ನ ಬೆರಳಿನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಬೆರಳು ತಪ್ಪುವುದು ಸಹಜ. ನನ್ನ ಸಿಟ್ಟೆಲ್ಲ ಆ 'ಸಿಗದಿದ್ದರೆ' ಅನ್ನುವ ಮಾತಿನ ಮೇಲೆ.

ಕಾನ್ಫಿಗರೇಷನ್ ಅಂತ ಬಾಯಿ ತೆರೆದರೆ ಸಾಕು, ನಮ್ಮ ಜನ ಸೆಟ್ಟಿಂಗ್‌ಗಳನ್ನು ಎಲ್ಲಿ ಇಡಬೇಕು ಅನ್ನುವ ಜಗಳ ಶುರು ಮಾಡುತ್ತಾರೆ. ಯಾಮಲ್ ಫೈಲಾ, ಡಾಟ್ ಎನ್ವ್ ಫೈಲಾ, ವಾಲ್ಟಾ, ಕುಬರ್ನೆಟೀಸ್ ಕಾನ್ಫಿಗ್‌ಮ್ಯಾಪಾ. 2011ರಲ್ಲಿ, ಬೇರೆಯವರ ಆ್ಯಪ್‌ಗಳನ್ನು ತನ್ನ ಸರ್ವರ್‌ಗಳಲ್ಲಿ ಓಡಿಸಿಕೊಡುವ ಹೆರೊಕು ಕಂಪನಿಯವರು ಹನ್ನೆರಡು ನಿಯಮಗಳ 'ಟ್ವೆಲ್ವ್ ಫ್ಯಾಕ್ಟರ್ ಆ್ಯಪ್' ಬರೆದರು. ಅದರ ಮೂರನೇ ನಿಯಮ ಸೆಟ್ಟಿಂಗ್‌ಗಳದ್ದು. ಅವನ್ನು ಕೋಡ್‌ನಲ್ಲಿ ಇಡಬೇಡಿ, ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಲ್ಲಿ ಇಡಿ ಅನ್ನುತ್ತದೆ. ಅದಕ್ಕೊಂದು ಒಳ್ಳೆಯ ಪರೀಕ್ಷೆಯನ್ನೂ ಹೇಳಿದ್ದಾರೆ: ನಿಮ್ಮ ಕೋಡನ್ನು ಈ ಕ್ಷಣವೇ ಎಲ್ಲರಿಗೂ ತೆರೆದಿಟ್ಟರೆ ಯಾವುದಾದರೂ ಪಾಸ್‌ವರ್ಡ್ ಹೊರಗೆ ಬೀಳುತ್ತದಾ? ಒಪ್ಪಿದೆ. ಆದರೆ ನಾವು ಆ ನಿಯಮ ಪಾಲಿಸಿದ್ದೆವು! ಸೆಟ್ಟಿಂಗ್ ಇಡಬೇಕಾದ ಕಡೆಯೇ ಇಟ್ಟಿದ್ದೆವು. ಒಂದು ಅಕ್ಷರ ಜಾಸ್ತಿ ಇತ್ತು, ಅಷ್ಟೇ. ಪ್ರೋಗ್ರಾಮ್ ಮಾತ್ರ ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಹಳೇ ಮನೆಗಳಲ್ಲಿ ಫ್ಯೂಸ್ ಕಟ್ಟುವುದು ನೋಡಿದ್ದೀರಾ? ಪದೇ ಪದೇ ಫ್ಯೂಸ್ ಹೋಗುತ್ತದೆ ಅಂತ ಯಾರೋ ಜಾಣರು ದಪ್ಪ ತಂತಿ ಸುತ್ತಿಬಿಡುತ್ತಾರೆ. ಆಮೇಲೆ ಫ್ಯೂಸ್ ಹೋಗುವುದೇ ಇಲ್ಲ. ಮಿಕ್ಸಿ ಸುಡುತ್ತದೆ. ಕೋಡ್‌ನಲ್ಲಿ ಬರೆಯುವ ಡೀಫಾಲ್ಟ್, ಅಂದರೆ 'ಸಿಗದಿದ್ದರೆ ಇದನ್ನು ಇಟ್ಟುಕೋ' ಅನ್ನುವ ಸಾಲು, ಆ ದಪ್ಪ ತಂತಿ.

ದೊಡ್ಡವರಿಗೂ ಇದು ಬಿಟ್ಟಿಲ್ಲ. ಅಮೆರಿಕದಲ್ಲಿ ನೈಟ್ ಕ್ಯಾಪಿಟಲ್ ಅಂತ ಒಂದು ಷೇರು ವಹಿವಾಟಿನ ಕಂಪನಿ ಇತ್ತು. 2012ರ ಜುಲೈ ಕೊನೆಯಲ್ಲಿ ಅವರು ಎಂಟು ಸರ್ವರ್‌ಗಳಿಗೆ ಹೊಸ ಕೋಡ್ ಹಾಕಬೇಕಿತ್ತು. ಏಳಕ್ಕೆ ಹಾಕಿದರು, ಎಂಟನೆಯದು ಮರೆತುಹೋಯಿತು. ಹೊಸ ಕೋಡ್‌ಗೆ ಅವರು ಒಂದು ಹಳೇ ಫ್ಲ್ಯಾಗನ್ನೇ, ಅಂದರೆ ಕೋಡ್ ಒಳಗಿನ ಆನ್-ಆಫ್ ಸ್ವಿಚ್ಚನ್ನೇ, ಮತ್ತೆ ಬಳಸಿದ್ದರು. ಏಳು ಸರ್ವರ್‌ಗಳಲ್ಲಿ ಆ ಫ್ಲ್ಯಾಗ್‌ಗೆ ಹೊಸ ಅರ್ಥ. ಎಂಟನೆಯದರಲ್ಲಿ 'ಪವರ್ ಪೆಗ್' ಅನ್ನುವ, 2003ರಲ್ಲೇ ಬಳಕೆ ನಿಲ್ಲಿಸಿದ್ದ ಹಳೇ ಕೋಡ್ ಎದ್ದು ಕೂತಿತು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಅಂತಾರಲ್ಲ, ಹಾಗೆ. ಆಗಸ್ಟ್ 1ರ ಬೆಳಿಗ್ಗೆ ಮಾರುಕಟ್ಟೆ ತೆರೆದ ಮೇಲೆ ಬಂದ 212 ಚಿಕ್ಕ ಆರ್ಡರ್‌ಗಳನ್ನು ಹಿಡಿದುಕೊಂಡು ಅದು ಸುಮಾರು 45 ನಿಮಿಷದಲ್ಲಿ 40 ಲಕ್ಷಕ್ಕೂ ಹೆಚ್ಚು ವಹಿವಾಟು ಮಾಡಿತು. ನಷ್ಟ 46 ಕೋಟಿ ಡಾಲರ್‌ಗೂ ಜಾಸ್ತಿ. ಗಾಬರಿಯಲ್ಲಿ ಅವರು ಹೊಸ ಕೋಡ್ ಮೇಲೆ ಅನುಮಾನಪಟ್ಟು, ಸರಿಯಾಗಿದ್ದ ಏಳೂ ಸರ್ವರ್‌ಗಳಿಂದ ಅದನ್ನು ತೆಗೆದರು. ಅಲ್ಲೂ ಪವರ್ ಪೆಗ್ ಓಡತೊಡಗಿತು.

ಇದರಲ್ಲಿ ನನ್ನನ್ನು ಕಾಡುವ ಸಂಗತಿ ಬೇರೆ. ಅಲ್ಲಿನ ಸಿಸ್ಟಂ ಸುಮ್ಮನಿರಲಿಲ್ಲ. ಆ ದಿನ ಮಾರುಕಟ್ಟೆ ತೆರೆಯುವ ಮೊದಲೇ, ಬೆಳಿಗ್ಗೆ ಎಂಟರಿಂದ, ಪವರ್ ಪೆಗ್ ಹೆಸರು ಹೇಳಿ 97 ಈಮೇಲ್ ಕಳಿಸಿತ್ತು. ಯಾರೂ ಅದರ ಕಡೆ ಗಮನ ಕೊಡಲಿಲ್ಲ. ಅದು ಅಲರ್ಟ್ ಅಂತ ಕಳಿಸಿದ ಮೇಲ್ ಅಲ್ಲವೇ ಅಲ್ಲ, ಎಲ್ಲರ ಇನ್‌ಬಾಕ್ಸ್‌ನಲ್ಲಿ ಬಂದು ಬೀಳುವ ಮಾಮೂಲಿ ಮೇಲ್. ನಿಮ್ಮ ಇನ್‌ಬಾಕ್ಸ್‌ನಲ್ಲೂ ಅಂಥ ಒಂದು ಫೋಲ್ಡರ್ ಇದೆ. ನನಗೆ ಗೊತ್ತು.

ಪ್ರೋಗ್ರಾಮರ್‌ಗಳ ಕೋಡ್ ಇಟ್ಟುಕೊಳ್ಳುವ ಗಿಟ್‌ಲ್ಯಾಬ್ ಕಂಪನಿಯ ಕಥೆಯಲ್ಲೂ ಈಮೇಲ್ ಬರುತ್ತದೆ. 2017ರ ಜನವರಿ 31ರ ರಾತ್ರಿ ಅವರ ಒಬ್ಬ ಎಂಜಿನಿಯರ್ ಎರಡನೇ ಡೇಟಾಬೇಸ್ ಸರ್ವರ್‌ನಲ್ಲಿದ್ದೇನೆ ಅಂದುಕೊಂಡು ಒಂದನೆಯದರಲ್ಲಿ, ಅಂದರೆ ಪ್ರೊಡಕ್ಷನ್‌ನಲ್ಲಿ, ಡೇಟಾ ಅಳಿಸಿದರು. ಅಯ್ಯೋ ಅಂತ ನಿಲ್ಲಿಸುವ ಹೊತ್ತಿಗೆ ಸುಮಾರು 300 ಜಿಬಿಯಲ್ಲಿ ಉಳಿದದ್ದು ನಾಲ್ಕೂವರೆ ಜಿಬಿ. ಆ ಎಂಜಿನಿಯರ್ ಬಗ್ಗೆ ಎಲ್ಲರೂ ಮಾತಾಡಿದರು. ನನಗೆ ಮುಖ್ಯ ಅನಿಸಿದ್ದು ಬ್ಯಾಕಪ್. ದಿನಾ ಬ್ಯಾಕಪ್ ತೆಗೆಯುವ ಪ್ರೋಗ್ರಾಮ್ ಡೇಟಾಬೇಸ್ ಇಲ್ಲದ ಬೇರೊಂದು ಸರ್ವರ್‌ನಲ್ಲಿ ಓಡುತ್ತಿತ್ತು. ಯಾವ ವರ್ಷನ್‌ನ ಪೋಸ್ಟ್‌ಗ್ರೆಸ್ (ಅವರ ಡೇಟಾಬೇಸ್ ಸಾಫ್ಟ್‌ವೇರ್) ಬಳಸಬೇಕು ಅಂತ ಅದು ಡೇಟಾ ಫೋಲ್ಡರ್ ನೋಡಿ ತಿಳಿದುಕೊಳ್ಳಬೇಕು. ಅಲ್ಲಿ ಆ ಫೋಲ್ಡರೇ ಇಲ್ಲ. ಆಗ ಏನು ಮಾಡಿತು? ಡೀಫಾಲ್ಟ್ ಹಿಡಿಯಿತು: 9.2. ಡೇಟಾಬೇಸ್ ಇದ್ದದ್ದು 9.6ರಲ್ಲಿ. ಎರಡಕ್ಕೂ ಹೊಂದಾಣಿಕೆಯಾಗದೆ ಬ್ಯಾಕಪ್ ದಿನಾ ಕೆಟ್ಟುಹೋಗುತ್ತಿತ್ತು. ಕೆಟ್ಟಿದೆ ಅಂತ ಹೇಳುವ ಮೇಲ್‌ಗಳನ್ನು ಮೇಲ್ ಸರ್ವರ್, ಕಳಿಸಿದವರು ಯಾರು ಅಂತ ಖಚಿತಪಡಿಸುವ ಸಹಿ ಸರಿಯಿಲ್ಲ ಅಂತ ವಾಪಸ್ ತಳ್ಳುತ್ತಿತ್ತು.

ಕೊನೆಗೆ ಅವರನ್ನು ಕಾಪಾಡಿದ್ದು ಸ್ಟೇಜಿಂಗ್. ಪರೀಕ್ಷೆಗೆ ಬೇಕು ಅಂತ ಆರು ಗಂಟೆ ಮುಂಚೆ ಯಾರೋ ಕೈಯಾರೆ ಪ್ರೊಡಕ್ಷನ್‌ನ ಒಂದು ಕಾಪಿ ತೆಗೆದು ಅಲ್ಲಿಟ್ಟಿದ್ದರು. ಆದರೆ ಸ್ಟೇಜಿಂಗ್‌ಗೆ ಕೊಟ್ಟಿದ್ದ ಡಿಸ್ಕ್ ನಿಧಾನದ್ದು. ಕಾಪಿ ವಾಪಸ್ ಬರಲು ಹಿಡಿದದ್ದು ಹೆಚ್ಚುಕಡಿಮೆ 18 ಗಂಟೆ. 'ಸ್ಟೇಜಿಂಗ್ ತಾನೇ, ಕಡಿಮೆಯದ್ದು ಕೊಟ್ಟರೆ ಆಯ್ತು' ಅನ್ನುವವರು ಇದನ್ನು ಒಮ್ಮೆ ನೆನಪಿಸಿಕೊಳ್ಳಲಿ.

ಹಾಗಾಗಿ ನನ್ನ ವಾದ ಇಷ್ಟೇ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಒಂದು, ಪ್ರೊಡಕ್ಷನ್‌ನಲ್ಲಿ ಇನ್ನೊಂದು ವ್ಯಾಲ್ಯೂ ಇರಬೇಕಾದ ಯಾವ ಸೆಟ್ಟಿಂಗ್‌ಗೂ ಕೋಡ್‌ನಲ್ಲಿ ಡೀಫಾಲ್ಟ್ ಇರಬಾರದು. ಡೇಟಾಬೇಸ್ ವಿಳಾಸ, ಪೇಮೆಂಟ್ ಕೀ, ಎಸ್ಸೆಮ್ಮೆಸ್, ಇವೆಲ್ಲ ಪ್ರೋಗ್ರಾಮ್ ಏಳುವಾಗಲೇ ಒಂದೇ ಕಡೆ ಓದಿಸಿಕೊಳ್ಳಬೇಕು. ಒಂದು ಸಿಗದಿದ್ದರೂ ಅದರ ಹೆಸರು ಹೇಳಿ ಅಲ್ಲೇ ಸಾಯಬೇಕು. ವಾರ್ನಿಂಗ್ ಬೇಡ, ಮೇಲ್ ಬೇಡ. ಒಂದು ಪುಟಕ್ಕೆ ಎಷ್ಟು ಸಾಲು ತೋರಿಸಬೇಕು ಅನ್ನುವಂಥದ್ದಕ್ಕೆ ಡೀಫಾಲ್ಟ್ ಇರಲಿ ಬಿಡಿ, ಅದು ಎಲ್ಲ ಕಡೆಯೂ ಒಂದೇ.

ಇದನ್ನು ಹೇಳಿದ ತಕ್ಷಣ ಯಾರಾದರೂ ಕೇಳುತ್ತಾರೆ, "ರಾತ್ರಿ ಎರಡು ಗಂಟೆಗೆ ಸರ್ವರ್ ಏಳದಿದ್ದರೆ ಗ್ರಾಹಕರ ಗತಿ ಏನು?" ಒಳ್ಳೆಯ ಪ್ರಶ್ನೆ. ಆದರೆ ಸರ್ವರ್‌ಗಳಲ್ಲಿ ಪ್ರೋಗ್ರಾಮ್‌ಗಳನ್ನು ಓಡಿಸಿ ನೋಡಿಕೊಳ್ಳುವ ಕುಬರ್ನೆಟೀಸ್ ಬಳಸುತ್ತೀರಿ ಅಂದುಕೊಳ್ಳಿ. ಅದು ಮಾಮೂಲಿಯಾಗಿ ಹೊಸ ವರ್ಷನನ್ನು ಸ್ವಲ್ಪ ಸ್ವಲ್ಪವೇ ಎಬ್ಬಿಸುತ್ತದೆ. ಹೊಸದು ಎದ್ದು ನಿಲ್ಲದಿದ್ದರೆ ಮುಂದಕ್ಕೆ ಹೋಗುವುದಿಲ್ಲ. ಹಳೆಯದರಲ್ಲಿ ಹೆಚ್ಚಿನವು ಓಡುತ್ತಲೇ ಇರುತ್ತವೆ, ಗ್ರಾಹಕರಿಗೆ ಗೊತ್ತೂ ಆಗುವುದಿಲ್ಲ. ನಮ್ಮ ಪ್ರೋಗ್ರಾಮ್ ಆ ಶನಿವಾರ ಸತ್ತಿದ್ದರೆ ನಾನು ಐದು ನಿಮಿಷದಲ್ಲಿ ಆ 'ಎಸ್' ಅಳಿಸಿ ಊಟಕ್ಕೆ ಹೋಗುತ್ತಿದ್ದೆ. ಅದು ನಗುನಗುತ್ತ ಎದ್ದು ನಿಂತದ್ದೇ ಎಡವಟ್ಟಾಯಿತು.

ಹೊಸದಾಗಿ ಸೇರಿದವರಿಗೆ ಕಷ್ಟ ಅನ್ನುವವರೂ ಇದ್ದಾರೆ. ಅವರಿಗೆ ಬೇಕಾದ ವ್ಯಾಲ್ಯೂಗಳನ್ನು ಒಂದು ಮಾದರಿ ಫೈಲ್‌ನಲ್ಲಿ ಬರೆದಿಡಿ, ಕಾಪಿ ಮಾಡಿಕೊಳ್ಳುತ್ತಾರೆ.

ಇನ್ನೊಂದು ತೊಂದರೆಯನ್ನೂ ಹೇಳಿಬಿಡುತ್ತೇನೆ. ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಇರುವುದೆಲ್ಲ ಬರೀ ಅಕ್ಷರ. ಡೀಬಗ್ (ತಪ್ಪು ಹುಡುಕಲು ಒಳಗಿನ ವಿವರವನ್ನೆಲ್ಲ ತೋರಿಸುವುದು) ಬೇಡ ಅಂತ ನೀವು 'ಫಾಲ್ಸ್' ಅಂತ ಬರೆಯುತ್ತೀರಿ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಗೆ ಅದು ಐದು ಇಂಗ್ಲಿಷ್ ಅಕ್ಷರದ ಒಂದು ಪದ. ಖಾಲಿ ಇಲ್ಲದ ಪದವೆಲ್ಲ ಅದರ ಲೆಕ್ಕದಲ್ಲಿ 'ಟ್ರೂ', ಅಂದರೆ ಹೌದು. ಹಾಗೇ ನೇರವಾಗಿ ಬಳಸಿದರೆ ಡೀಬಗ್ ಪ್ರೊಡಕ್ಷನ್‌ನಲ್ಲಿ ಆನ್! ಆದ್ದರಿಂದ ಸೆಟ್ಟಿಂಗ್ ಇದೆಯಾ ಅಂತ ನೋಡಿದರೆ ಸಾಲದು, ಅದು ಹೌದು-ಅಲ್ಲವೋ, ಸಂಖ್ಯೆಯೋ, ವಿಳಾಸವೋ ಅಂತಲೂ ಏಳುವಾಗಲೇ ಪರೀಕ್ಷಿಸಬೇಕು.

ಆ ಓಟಿಪಿ ಗಲಾಟೆ ಮುಗಿದ ಮಾರನೇ ವಾರ ನಾನು ಕೂತು ಎಲ್ಲ ಡೀಫಾಲ್ಟ್‌ಗಳನ್ನು ಕಿತ್ತೆ. ಬುಧವಾರ ಡಿಪ್ಲಾಯ್ ಮಾಡಿದರೆ ಪ್ರೊಡಕ್ಷನ್‌ನಲ್ಲಿ ಪ್ರೋಗ್ರಾಮ್ ಏಳಲೇ ಇಲ್ಲ. ಇನ್ನೊಂದು ಸೆಟ್ಟಿಂಗ್ ಇಲ್ಲ ಅಂತ ಹೆಸರು ಹೇಳಿ ಸತ್ತಿತು. ಅದು ಎರರ್‌ಗಳನ್ನು ಒಟ್ಟುಗೂಡಿಸುವ ಸೇವೆಯ ವಿಳಾಸ. ಎಂಟು ತಿಂಗಳಿಂದ ಖಾಲಿ ಇತ್ತು. ಖಾಲಿ ಇದ್ದರೆ ಎಲ್ಲಿಗೂ ಕಳಿಸಬೇಡ ಅನ್ನುವ ಡೀಫಾಲ್ಟ್ ಇಷ್ಟು ದಿನ ಅದನ್ನು ಮುಚ್ಚಿಟ್ಟಿತ್ತು. ಆ ಎಂಟೂ ತಿಂಗಳು ನಾವು ಮೀಟಿಂಗ್‌ಗಳಲ್ಲಿ, ನಮ್ಮ ಟೀಮಿನಲ್ಲಿ ಎರರ್ ಬಹಳ ಕಡಿಮೆ ಅಂತ ಬೀಗುತ್ತಿದ್ದೆವು.