ಹಲಗೆಯ ಮೇಲಿನ ತಾರೀಖು, ಕಾಲುವೆಯ ಗೇಜು
(ರಾಯಚೂರಿನಲ್ಲಿ ರಾಜ್ಯಶಾಸ್ತ್ರದ ಸಂಶೋಧನಾ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸ)

ಗೆಳೆಯರೇ,

ಶಾಸಕರು ಮತ್ತು ಅಧಿಕಾರಿಗಳ ಸಂಬಂಧವನ್ನು ಪಿಎಚ್.ಡಿ.ಗೆ ಆರಿಸಿಕೊಂಡವರು ಬಹುಪಾಲು ‘ರಾಜಕೀಯ ಹಸ್ತಕ್ಷೇಪ’ ಎಂದೇ ಶೀರ್ಷಿಕೆ ಇಡುತ್ತಾರೆ. ತೀರ್ಪು ಮೊದಲು, ವಿಚಾರಣೆ ಆಮೇಲೆ! ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿಯನ್ನು ಸಕ್ರಮಗೊಳಿಸುವ ಬಗರ್‌ಹುಕುಂ ಸಮಿತಿಗೆ ಶಾಸಕರೇ ಅಧ್ಯಕ್ಷರು, ತಹಶೀಲ್ದಾರರು ಸದಸ್ಯ ಕಾರ್ಯದರ್ಶಿ. ಅಲ್ಲಿ ಶಾಸಕರು ಮಾತಾಡುವುದು ಕಾನೂನೇ ಒಪ್ಪಿಸಿದ ಕೆಲಸ. ಅದೇ ಶಾಸಕರು ಸರ್ವೇಯರ್‌ಗೆ ಫೋನ್ ಮಾಡಿದರೆ ಅದು ಬೇರೆ ಸಂಗತಿ. ಇವೆರಡನ್ನು ಬೇರ್ಪಡಿಸದೆ ಮುಂದೆ ಹೋಗಬೇಡಿ.

ಈ ಸಂಬಂಧದಲ್ಲಿ ಎಣಿಸಲು ಸಿಗುವುದು ವರ್ಗಾವಣೆ. ಅಧಿಕಾರಿಯ ಕೊಠಡಿಯಲ್ಲಿ ಹಿಂದಿನವರ ಹೆಸರು, ಬಂದ ದಿನ, ಹೋದ ದಿನ ಬರೆದ ಹಲಗೆ ಇರುತ್ತದೆ. ಅದನ್ನು ಬರೆದುಕೊಂಡು ನೇರವಾಗಿ ಸರಾಸರಿ ತೆಗೆದರೆ ಲೆಕ್ಕ ಕೆಟ್ಟಿತು. ಪ್ರಭಾರದಲ್ಲಿದ್ದವರು, ನಿವೃತ್ತಿ ಅಥವಾ ಬಡ್ತಿಯಿಂದ ಹೋದವರು ಬೇರೆ ಬೇರೆ ಕಾಲಂಗೆ ಹೋಗಬೇಕು. ಚುನಾವಣಾ ಕೆಲಸಕ್ಕೆ ಸಂಬಂಧಿಸಿದವರು ಹಿಂದಿನ 4 ವರ್ಷಗಳಲ್ಲಿ 3 ವರ್ಷ ಒಂದೇ ಜಿಲ್ಲೆಯಲ್ಲಿದ್ದರೆ ಚುನಾವಣಾ ಆಯೋಗದ ಸೂಚನೆಯಂತೆ ಎತ್ತಂಗಡಿಯಾಗುತ್ತಾರೆ. ಹಾಗಾಗಿ 2018, 2019, 2023, 2024ರ ಚುನಾವಣೆಗಳ ಹಿಂದಿನ ತಿಂಗಳುಗಳನ್ನು ಪ್ರತ್ಯೇಕಿಸಿ. ಲಕ್ಷ್ಮಿ ಅಯ್ಯರ್ ಮತ್ತು ಆನಂದಿ ಮಣಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐಎಎಸ್ ಅಧಿಕಾರಿ ಒಂದು ಹುದ್ದೆಯಲ್ಲಿ ಸರಾಸರಿ 16 ತಿಂಗಳು ಇರುತ್ತಾರೆ. ಆ ಅಂಕಿಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೂ (ಪಿಡಿಒ) ಎಂಜಿನಿಯರ್‌ಗೂ ಅಂಟಿಸಬೇಡಿ.

ಸರ್ಕಾರಿ ನೌಕರರ ಸೇವಾ ವ್ಯಾಜ್ಯ ಕೇಳುವ ಕರ್ನಾಟಕ ಆಡಳಿತ ನ್ಯಾಯಮಂಡಳಿಯ (ಕೆಎಟಿ) ಆದೇಶಗಳನ್ನು ಓದಿ. ಅವಧಿಗೆ ಮುಂಚಿನ ವರ್ಗಾವಣೆ ಪ್ರಶ್ನಿಸಿದ ಪ್ರಕರಣಗಳಲ್ಲಿ ಶಿಫಾರಸು ಪತ್ರ, ಅದರ ಮೇಲೆ ಬರೆದ ಟಿಪ್ಪಣಿ ಎಲ್ಲ ಹೊರಬೀಳುತ್ತವೆ. ಆದರೆ ವರ್ಗವಾದವರೆಲ್ಲ ಮೊಕದ್ದಮೆ ಹೂಡುವುದಿಲ್ಲ. ಸುಮ್ಮನೆ ಚಾರ್ಜ್ ಕೊಟ್ಟು ಹೊರಟವರ ಕಥೆ ಅಲ್ಲಿ ಸಿಗದು.

ನಮ್ಮ ಭಾಗದಲ್ಲಿ ಈ ವಿಷಯಕ್ಕೆ ತುಂಗಭದ್ರಾ ಎಡದಂಡೆ ಕಾಲುವೆಗಿಂತ ಒಳ್ಳೆಯ ಕ್ಷೇತ್ರವಿಲ್ಲ. ಸಂಶೋಧಕ ರಾಬರ್ಟ್ ವೇಡ್ ದಕ್ಷಿಣ ಭಾರತದ ಕಾಲುವೆ ನೀರಾವರಿಯನ್ನು ಅಭ್ಯಸಿಸಿ, 1982ರಲ್ಲಿ ಪ್ರಕಟಿಸಿದ ಲೇಖನದಲ್ಲಿ ರೈತ, ಎಂಜಿನಿಯರ್, ರಾಜಕಾರಣಿ ಮೂವರನ್ನೂ ಕಟ್ಟಿಹಾಕುವ ಹಗ್ಗ ವರ್ಗಾವಣೆಯೇ ಎಂದು ತೋರಿಸಿದರು. ನೀವು ನಾಲ್ಕು ದಾಖಲೆ ತನ್ನಿ: ನೀರಾವರಿ ಸಲಹಾ ಸಮಿತಿಯ ನಡಾವಳಿ, ಕಾಲುವೆಯ 104ನೇ ಮೈಲಿನಲ್ಲಿ ನೀರಿನ ಮಟ್ಟ ಬರೆದಿಡುವ ಗೇಜ್ ರಿಜಿಸ್ಟರ್, ಅಭಿವೃದ್ಧಿ ಕೆಲಸಗಳ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆಯ ನಡಾವಳಿ ಮತ್ತು ಅದರ ಅನುಪಾಲನಾ ವರದಿ (ಸಭೆಯ ಸೂಚನೆಗಳ ಮೇಲೆ ಕೈಗೊಂಡ ಕ್ರಮದ ವರದಿ), ಎಂಜಿನಿಯರ್‌ಗಳ ವರ್ಗಾವಣೆ ಆದೇಶ. ಎಲ್ಲವನ್ನೂ ಒಂದೇ ಹಾಳೆಯಲ್ಲಿ ತಾರೀಖಿನ ಪ್ರಕಾರ ಜೋಡಿಸಿ. ಆಗ ಕಾಣುವುದು ‘ರಾಜಕಾರಣಿ ವಿರುದ್ಧ ಅಧಿಕಾರಿ’ ಅಲ್ಲವೇ ಅಲ್ಲ. ಗಂಗಾವತಿ, ಸಿಂಧನೂರು ಕಡೆಯ ಶಾಸಕರಿಗೆ ಮೇಲ್ಭಾಗದ ಭತ್ತ ಒಣಗಬಾರದು; ಮಾನ್ವಿ, ಸಿರವಾರದವರಿಗೆ ಕೊನೆ ಭಾಗಕ್ಕೆ ನೀರು ಮುಟ್ಟಬೇಕು. ನಡುವೆ ಎಂಜಿನಿಯರ್. ಒಬ್ಬರ ಮಾತು ಕೇಳಿದರೆ ಇನ್ನೊಬ್ಬರು ಕೆಡಿಪಿ ಸಭೆಯಲ್ಲಿ ಎದ್ದು ನಿಲ್ಲುತ್ತಾರೆ. ಆದರೂ ಗೇಜ್ ಇಳಿದ ದಿನವೆಲ್ಲ ಒತ್ತಡದ ದಿನವಲ್ಲ. ಕಾಲುವೆ ಒಡೆದಿರಬಹುದು, ಅಕ್ರಮ ಪಂಪ್‌ಸೆಟ್ ಎಳೆದಿರಬಹುದು, ಜಲಾಶಯದಲ್ಲೇ ನೀರು ಕಮ್ಮಿ ಇರಬಹುದು. ದುರಸ್ತಿ ಕಡತ ನೋಡದೆ ಏನೂ ಬರೆಯಬೇಡಿ.

ದಾಖಲೆಗೆ ಮಾಹಿತಿ ಹಕ್ಕಿನ ಅರ್ಜಿಯೇ ದಾರಿ. ಶುಲ್ಕ 10 ರೂಪಾಯಿ, ಗಡುವು 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ಆದ್ದರಿಂದ ನಾಲ್ಕು ದಾಖಲೆಗೆ ನಾಲ್ಕು ಅರ್ಜಿ. ‘ಏಕೆ ವರ್ಗ ಮಾಡಿದಿರಿ’ ಎಂದು ಕೇಳಿದರೆ ತಿರಸ್ಕಾರ ಖಚಿತ. ‘ಇಂಥ ಆದೇಶದ ಕಡತದ ಟಿಪ್ಪಣಿ ಹಾಳೆಗಳ ಪ್ರತಿ’ ಎಂದು ಕೇಳಿ. ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿಗೆ ಮತ್ತೆ 30 ದಿನ. ಪಿಎಚ್.ಡಿ.ಗೆ ಕನಿಷ್ಠ 3, ಗರಿಷ್ಠ 6 ವರ್ಷ ಇರುವಾಗ ಮೊದಲ ವರ್ಷದಲ್ಲೇ ಅರ್ಜಿ ಹಾಕದವರು ಕೊನೆಗೆ ಪತ್ರಿಕೆಯ ತುಣುಕುಗಳನ್ನೇ ಅಂಟಿಸಿ ಪ್ರಬಂಧ ಮುಗಿಸುತ್ತಾರೆ.

ಸಂದರ್ಶನಕ್ಕೆ ನಿವೃತ್ತರು, ಜಿಲ್ಲೆ ಬಿಟ್ಟುಹೋದವರು ವಾಸಿ. ‘ಯಾರು ಹೇಳಿದರು’ ಎಂದು ಕೇಳಿದರೆ ಬಾಯಿ ಮುಚ್ಚುತ್ತದೆ. ‘ಕಡತ ಯಾವ ಮೇಜಿನಲ್ಲಿ ಎಷ್ಟು ದಿನ ನಿಂತಿತ್ತು’ ಎಂದರೆ ಬಿಚ್ಚುತ್ತದೆ. ಬರೆಯುವಾಗ ಹೆಸರು ಬಿಟ್ಟರೆ ಸಾಲದು. ವಿಭಾಗಕ್ಕೆ ಒಬ್ಬರೇ ಕಾರ್ಯಪಾಲಕ ಎಂಜಿನಿಯರ್ ಇರುವ ಕಡೆ ಹುದ್ದೆ ಮತ್ತು ವರ್ಷ ಬರೆದರೆ ಊರಿಗೆಲ್ಲ ಗೊತ್ತಾಗುತ್ತದೆ. ವಿಭಾಗದ ಹೆಸರು ತೆಗೆಯಿರಿ, ವರ್ಷವನ್ನು ಐದೈದರ ಗುಂಪಿನಲ್ಲಿ ಬರೆಯಿರಿ, ಮೂಲ ಟಿಪ್ಪಣಿಯನ್ನು ಮಾರ್ಗದರ್ಶಕರ ಬಳಿ ಮಾತ್ರ ಇಡಿ.