ವಿದ್ಯುತ್ ಕೈಕೊಟ್ಟ ವಿಮಾನದಲ್ಲಿ ಪೈಲಟ್‌ನ ಕಣ್ಣು ಎಲ್ಲಿರಬೇಕು?

(ರಾಯಚೂರಿನಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಪಠ್ಯ)

ಸಭೆಯಲ್ಲಿರುವ ಹಿರಿಯರಿಗೆ, ವಿದ್ಯಾರ್ಥಿಗಳಿಗೆ ಹಾಗೂ ಶಕ್ತಿನಗರದ ಉಷ್ಣವಿದ್ಯುತ್ ಸ್ಥಾವರದಿಂದ ಬಂದಿರುವ ಮಿತ್ರರಿಗೆ ನಮಸ್ಕಾರ.

ಘಟಕದ ಎಸಿ ವಿದ್ಯುತ್ ಪೂರ್ತಿ ಹೋದರೂ ತಿರುಗುತ್ತಿರುವ ಟರ್ಬೈನಿನ ಬೇರಿಂಗುಗಳಿಗೆ ಎಣ್ಣೆ ನಿಲ್ಲಬಾರದೆಂದು ಬ್ಯಾಟರಿಯಿಂದ ನಡೆಯುವ ಡಿಸಿ ಪಂಪ್ ಇಟ್ಟಿರುವುದನ್ನು ಸ್ಥಾವರದವರು ಬಲ್ಲರು. ವಿಮಾನದ ಲೆಕ್ಕಾಚಾರವೂ ಅದೇ. ಜನರೇಟರುಗಳು ನಿಂತಾಗ ಅಡುಗೆಯ ಒಲೆಗಳಿಂದ ಹಿಡಿದು ಎದುರಿನ ಬಹುಪಾಲು ಪರದೆಗಳವರೆಗೆ ಎಲ್ಲವೂ ಆರುತ್ತವೆ. ಕೊನೆಗೂ ಕೈಬಿಡಬಾರದೆಂದು ಉಳಿಸಿರುವುದು ವಿಮಾನ ಮಟ್ಟವಾಗಿದೆಯೋ ವಾಲಿದೆಯೋ ಎಂದು ತೋರಿಸಲು ಮೀಸಲಾಗಿಟ್ಟ, ಅಂಗೈ ಅಗಲದ ಒಂದು ಸ್ಟ್ಯಾಂಡ್‌ಬೈ ಹಾರಿಜಾನ್, ವೇಗ ಮತ್ತು ಎತ್ತರದ ಮಾಪನ, ಮತ್ತು ದೀಪದ ಹೊರತು ವಿದ್ಯುತ್ತನ್ನೇ ಬೇಡದ ಕಾಂತೀಯ ದಿಕ್ಸೂಚಿ.

ಈ ಏರ್ಪಾಡು ಜೀವಗಳನ್ನು ತೆತ್ತು ಬಂದದ್ದು. 1969ರ ಜನವರಿ 18ರ ಸಂಜೆಗತ್ತಲಲ್ಲಿ ಲಾಸ್ ಏಂಜಲೀಸ್‌ನಿಂದ ಹೊರಟ ಯುನೈಟೆಡ್ ಸಂಸ್ಥೆಯ ಬೋಯಿಂಗ್ 727ರಲ್ಲಿ ಒಂದು ಜನರೇಟರ್ ಮೊದಲೇ ಕೆಟ್ಟಿತ್ತು. ಬೆಂಕಿಯ ಎಚ್ಚರಿಕೆ ಬಂದು ಒಂದು ಎಂಜಿನ್ ಆರಿಸಿದಾಗ ಅದು ನಡೆಸುತ್ತಿದ್ದ ಜನರೇಟರೂ ಹೋಯಿತು; ಆಮೇಲೆ, ಭಾರವೆಲ್ಲ ಬಿದ್ದ ಕೊನೆಯ ಜನರೇಟರೂ ನಿಂತಿತು. ವಿಮಾನ ಮಟ್ಟವಾಗಿದೆಯೋ ವಾಲಿದೆಯೋ ಎಂದು ಹೇಳುವ ಒಂದು ಉಪಕರಣವೂ ಉಳಿಯದೆ ಅದು ಸಮುದ್ರಕ್ಕೆ ಬಿದ್ದು 38 ಮಂದಿ ಸತ್ತರು. ಜನರೇಟರುಗಳನ್ನು ಅವಲಂಬಿಸದೆ ಕನಿಷ್ಠ 30 ನಿಮಿಷ ನಡೆಯುವ, ಇಬ್ಬರು ಪೈಲಟ್ ಎದುರಿನ ಎರಡರ ಜೊತೆಗೆ ಮೂರನೆಯದಾದ ಹಾರಿಜಾನ್ ಇರಬೇಕೆಂಬ ಅಮೆರಿಕದ ನಿಯಮ ಆ ದುರಂತದ ನಂತರದ್ದು.

ಉಪಕರಣವೇನೋ ಬಂತು, ಅದರ ಕಡೆಗೆ ಕಣ್ಣು ಹೊರಳುವುದು ಬೇರೆಯೇ ವಿದ್ಯೆ. 1978ರ ಜನವರಿ 1ರ ರಾತ್ರಿ ಮುಂಬಯಿಯಿಂದ ದುಬೈಗೆ ಹೊರಟ ಏರ್ ಇಂಡಿಯಾದ ಬೋಯಿಂಗ್ 747ರಲ್ಲಿ ವಿದ್ಯುತ್ ಇತ್ತು, ಕ್ಯಾಪ್ಟನ್ ಎದುರಿನ ಹಾರಿಜಾನ್ ಮಾತ್ರ ಬಲಕ್ಕೆ ವಾಲಿದಂತೆ ತೋರಿಸುತ್ತ ನಿಂತಿತ್ತು. ಅದನ್ನು ನಂಬಿ ಅವರು ಎಡಕ್ಕೆ ತಿರುಗಿಸುತ್ತಲೇ ಹೋದರು. ಅದನ್ನು ನಂಬಬೇಡಿ ಎಂದು ಫ್ಲೈಟ್ ಎಂಜಿನಿಯರ್ ಎಚ್ಚರಿಸುವ ಹೊತ್ತಿಗೆ ಕಾಲ ಮೀರಿತ್ತು. ಮೇಲೇರಿದ ಎರಡು ನಿಮಿಷದೊಳಗೆ 213 ಮಂದಿ ಅರಬ್ಬೀ ಸಮುದ್ರದ ಪಾಲಾದರು. ನಮ್ಮ ದೇಶದ ಪ್ರತಿಯೊಬ್ಬ ತರಬೇತುದಾರನೂ ಈ ಪ್ರಕರಣವನ್ನು ವಿದ್ಯಾರ್ಥಿಗಳ ಮುಂದಿಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಸಿಮ್ಯುಲೇಟರ್‌ನಲ್ಲಿ ಪರದೆಗಳು ಆರಿದ ಕ್ಷಣ ಪೈಲಟ್‌ನ ದೃಷ್ಟಿ ಕತ್ತಲಾದ ಪರದೆಯ ಮೇಲೆಯೇ ಕಚ್ಚಿಕೊಳ್ಳುತ್ತದೆ, ಕೈ ಮೇಲಿನ ಸ್ವಿಚ್ಚುಗಳ ಕಡೆಗೆ ಹೋಗುತ್ತದೆ. ಅಷ್ಟರಲ್ಲಿ ರೆಕ್ಕೆ ಮೆಲ್ಲನೆ ವಾಲತೊಡಗಿರುತ್ತದೆ. ಹೀಗೆ ನಿಧಾನವಾಗಿ ವಾಲುವುದನ್ನು ಒಳಕಿವಿ ಗ್ರಹಿಸುವುದಿಲ್ಲ; ಬಳಿಕ ಸರಿಪಡಿಸಿದಾಗ ನೆಟ್ಟಗಿರುವ ವಿಮಾನವೇ ಮಗ್ಗುಲಾದಂತೆ ಅನಿಸುತ್ತದೆ. ಆದ್ದರಿಂದ ಮೊದಲು ಸಣ್ಣ ಹಾರಿಜಾನ್ ನೋಡಿ ರೆಕ್ಕೆ ಮಟ್ಟ ಮಾಡುವುದು, ಮೂತಿಯ ಕೋನವನ್ನೂ ಎಂಜಿನ್ನಿನ ಶಕ್ತಿಯನ್ನೂ ತಿಳಿದ ಅಳತೆಗೆ ತರುವುದು, ಚೆಕ್‌ಲಿಸ್ಟ್ ಆಮೇಲೆ.

ದಿಕ್ಸೂಚಿಯ ಪಾಠಕ್ಕೆ ತರಗತಿಗಳಲ್ಲಿ ಸಿಗಬೇಕಾದಷ್ಟು ಹೊತ್ತು ಸಿಗುತ್ತಿಲ್ಲ. ಉತ್ತರಾರ್ಧಗೋಳದಲ್ಲಿ ಉತ್ತರಾಭಿಮುಖವಾಗಿ ಹಾರುತ್ತಿರುವ ವಿಮಾನ ತಿರುಗತೊಡಗಿದರೆ ದಿಕ್ಸೂಚಿ ಮೊದಲು ವಿರುದ್ಧ ದಿಕ್ಕಿನ ತಿರುವನ್ನು ತೋರಿಸಬಹುದು. ಭೂಕಾಂತ ರೇಖೆಗಳ ಇಳಿಜಾರು ಇದಕ್ಕೆ ಕಾರಣ. ಆ ರೇಖೆಗಳು ನೆಲಕ್ಕೆ ಸಮಾನಾಂತರವಾಗಿರುವ ಕಾಂತೀಯ ವಿಷುವದ್ವೃತ್ತ ದಕ್ಷಿಣ ಭಾರತದ ತುದಿಯ ಬಳಿಯೇ ಹಾದುಹೋಗುವುದರಿಂದ ರಾಯಚೂರಿನ ಆಕಾಶದಲ್ಲಿ ಈ ದೋಷ ಅಲ್ಪ, ಲಂಡನ್ನಿನ ಆಕಾಶದಲ್ಲಿ ಬಹಳ. ಇಲ್ಲಿ ಕಲಿತ ಪೈಲಟ್‌ಗೆ ಅದರ ಅನುಭವವಾಗಬೇಕಾದರೆ ಸಿಮ್ಯುಲೇಟರ್‌ನಲ್ಲೇ ಆಗಬೇಕು.

2008ರ ಜನವರಿ 7ರಂದು ಬ್ಯಾಂಕಾಕ್ ಸಮೀಪಿಸುತ್ತಿದ್ದ ಕ್ವಾಂಟಾಸ್ 747ರಲ್ಲಿ ಅಡುಗೆ ಜಾಗದ ನೀರು ಜನರೇಟರ್ ನಿಯಂತ್ರಕಗಳಿಗೆ ಇಳಿದು, ವಿಮಾನದೊಳಗೆ ವಿದ್ಯುತ್ ಹಂಚುವ ನಾಲ್ಕು ಎಸಿ ಬಸ್‌ಗಳಲ್ಲಿ ಮೂರು ಸತ್ತವು. ನಿಲ್ದಾಣ ಹತ್ತಿರವಿತ್ತು, ಹಗಲಿತ್ತು. ವಿಮಾನ ಕ್ಷೇಮವಾಗಿ ಇಳಿಯಿತು. ಅದೇ ದೋಷ ನಡುಸಾಗರದ ಮೇಲೆ ನಡುರಾತ್ರಿ ಬಂದರೆ ಏನು ಮಾಡಬೇಕೆಂಬುದೇ ತರಬೇತಿಯ ವಿಷಯವಾಗಬೇಕು. ಮುನ್ಸೂಚನೆ ಕೊಡದೆ ಪರದೆಗಳನ್ನು ಆರಿಸಿ, ಮೋಡದೊಳಗೆ, ಬ್ಯಾಟರಿಯ ಗಡಿಯಾರ ಓಡುತ್ತಿರುವಾಗ, ಚಕ್ರ ನೆಲ ಮುಟ್ಟುವವರೆಗೂ ಸ್ಟ್ಯಾಂಡ್‌ಬೈ ಉಪಕರಣಗಳ ಮೇಲೆಯೇ ನಡೆಸಬೇಕು. ಪಕ್ಕದ ಪೈಲಟ್ ಮೂರೂ ಹಾರಿಜಾನ್‌ಗಳನ್ನು ಹೋಲಿಸಿ, ಹೊಂದದಿರುವುದು ಯಾವುದೆಂದು, ಕ್ಯಾಪ್ಟನ್ ಎಷ್ಟೇ ಹಿರಿಯರಾಗಿದ್ದರೂ, ಗಟ್ಟಿಯಾಗಿ ಹೇಳುವುದನ್ನು ಅದೇ ಅಭ್ಯಾಸದಲ್ಲಿ ಪರೀಕ್ಷಿಸಬೇಕು.