ಕೊಟ್ಟಿಗೆ ಹಾಡು: ಯಾರ್ಕ್‌ನಲ್ಲಿ ನಮ್ಮ ಕ್ರಿಸ್‌ಮಸ್ ಕಛೇರಿ

ಸಾರಿ, ಈಗ ನಿಮಗೆ ಕಾಣುತ್ತಿರುವುದು ಒಂದು ಕಲ್ಲಿನ ಕಂಬ. ಎಡಗಡೆ ಮೂಲೆಯಲ್ಲಿ ಕೆಂಪಗೆ ಅಲ್ಲಾಡುತ್ತಿರುವುದು ಯಾರದೋ ಮಫ್ಲರ್. ಕಛೇರಿ ಶುರುವಾಗುವ ಮುಂಚೆ ಫೋನನ್ನು ಬೆಂಚಿನ ಮೇಲೆ ಸರಿಯಾಗಿಯೇ ನಿಲ್ಲಿಸಿದ್ದೆ. ಯಾರೋ ಬಂದು ಕೂತರು, ಫೋನ್ ತಿರುಗಿಕೊಂಡಿತು. ಹಾಗಾಗಿ ಮುಕ್ಕಾಲು ಗಂಟೆ ಬರೀ ಕಂಬ. ಆದರೆ ಆಡಿಯೋ ಚೆನ್ನಾಗಿ ಬಂದಿದೆ, ಅದಕ್ಕೇ ಡಿಲೀಟ್ ಮಾಡಲು ಮನಸ್ಸು ಬರಲಿಲ್ಲ.

ಇದು ಇಂಗ್ಲೆಂಡಿನ ಯಾರ್ಕ್. ಡಿಸೆಂಬರ್‌ನಲ್ಲಿ ಇಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುತ್ತದೆ. ಈ ದೊಡ್ಡ ಗೋಪುರಗಳು ಮಿನ್‌ಸ್ಟರ್‌ನವು, ಅಂದರೆ ಊರಿನ ಮುಖ್ಯ ಚರ್ಚಿನವು. ಎಲ್ಲರ ವಿಡಿಯೋದಲ್ಲೂ ಇದೇ ಇರುತ್ತದೆ, ಬೇಗ ಮುಂದೆ ಹೋಗೋಣ. ನಾನು ತೋರಿಸಬೇಕೆಂದಿದ್ದು ವಾಲ್ಮ್‌ಗೇಟ್ ಅನ್ನುವ ರಸ್ತೆ. ಇಲ್ಲಿ ಸೇಂಟ್ ಮಾರ್ಗರೆಟ್ ಅಂತ ಹಳೇ ಚರ್ಚ್ ಇದೆ. 2000ದಿಂದ ಅದು ನ್ಯಾಷನಲ್ ಸೆಂಟರ್ ಫಾರ್ ಅರ್ಲಿ ಮ್ಯೂಸಿಕ್. ಡಿಸೆಂಬರ್‌ನಲ್ಲಿ ಅಲ್ಲಿ ಹಳೇ ಸಂಗೀತದ ಕ್ರಿಸ್‌ಮಸ್ ಉತ್ಸವ ನಡೆಯುತ್ತದೆ.

ಮೂರು ವರ್ಷದ ಹಿಂದೆ ನಾನು ಅಲ್ಲಿಗೆ ಹೋಗಿದ್ದು ಸಂಗೀತಕ್ಕಲ್ಲ. ಮಳೆ ಬರುತ್ತಿತ್ತು, ಒಳಗೆ ಬೆಚ್ಚಗಿತ್ತು, ಟಿಕೆಟ್ ಉಳಿದಿತ್ತು. ಎಂಟು ಜನ ಬಂದು ನಿಂತರು. ಮೈಕಿಲ್ಲ, ಪಕ್ಕವಾದ್ಯವಿಲ್ಲ, ಶ್ರುತಿಪೆಟ್ಟಿಗೆಯೂ ಇಲ್ಲ. ಸುಮ್ಮನೆ ಬಾಯಿ ತೆರೆದು ಹಾಡಿದರು. ನಾನು ಚಿಕ್ಕವಳಿದ್ದಾಗ ನಾಲ್ಕು ವರ್ಷ ಸಂಗೀತ ಪಾಠಕ್ಕೆ ಹೋದವಳು. ಸರಳೆ, ಜಂಟಿ, ಗೀತೆ, ಒಂದೂವರೆ ವರ್ಣ. ಅಷ್ಟರಲ್ಲಿ ಹತ್ತನೇ ಕ್ಲಾಸ್ ಬಂತು, ಪಾಠ ನಿಂತಿತು. ಆದರೂ ಕಿವಿಗೆ ಒಂದೇ ಹಾಡಿನ ಹಿಂದೆ ಹೋಗುವ ಅಭ್ಯಾಸ ಉಳಿದಿತ್ತು. ಇಲ್ಲಿ ಮೊದಲ ಹತ್ತು ನಿಮಿಷ ನಾನು ಹುಡುಕಿದ್ದು ಒಂದನ್ನೇ: ಇದರಲ್ಲಿ ಮುಖ್ಯ ಹಾಡು ಯಾವುದು? ಒಂದು ದನಿಯನ್ನು ಹಿಡಿದುಕೊಂಡರೆ ಇನ್ನೊಂದು ಜಾರಿಹೋಗುತ್ತಿತ್ತು. ಮುಖ್ಯ ಹಾಡು ಅಂತ ಇಲ್ಲವೇ ಇಲ್ಲ ಅಂತ ಗೊತ್ತಾಗಿದ್ದು ಬಹಳ ನಂತರ.

ಈಗ ನಾನೇ ಒಂದು ತಂಡದಲ್ಲಿ ಹಾಡುತ್ತೇನೆ. ದೊಡ್ಡ ತಂಡವೇನಲ್ಲ. ಮಂಗಳವಾರ ಸಂಜೆ ಚರ್ಚ್ ಹಾಲ್‌ನಲ್ಲಿ ಸೇರುತ್ತೇವೆ. ನನ್ನದು ಆಲ್ಟೊ, ಅಂದರೆ ಹೆಂಗಸರ ಕೆಳ ದನಿ. ನಮ್ಮ ಸಾಲಿನಲ್ಲಿ ಹೆಚ್ಚಿನವರು ರಿಟೈರ್ ಆದವರು. ನನ್ನ ಪಕ್ಕದ ಅಜ್ಜಿ ಪ್ರತಿ ವಾರ ಎರಡು ಪೆನ್ಸಿಲ್ ತರುತ್ತಾರೆ, ಒಂದು ನನಗೆ.

ಈ ಸಲ ಅಕ್ಟೋಬರ್‌ನಿಂದ ಕಲಿತಿದ್ದು 'ಓ ಮಾಗ್ನುಮ್ ಮಿಸ್ತೇರಿಯುಮ್'. ಬರೆದವರು ತೊಮಾಸ್ ಲೂಯಿಸ್ ದೆ ವಿಕ್ಟೋರಿಯಾ. ರಾಣಿಗೂ ಇವರಿಗೂ ಸಂಬಂಧವಿಲ್ಲ, ಇವರು ಸ್ಪೇನಿನ ಪಾದ್ರಿ. 1572ರಲ್ಲಿ ವೆನಿಸ್‌ನಲ್ಲಿ ಇದು ಅಚ್ಚಾದಾಗ ಅವರಿಗೆ ಇಪ್ಪತ್ತನಾಲ್ಕರ ಆಸುಪಾಸು. ಆಗಿನ್ನೂ ಪಾದ್ರಿಯೂ ಆಗಿರಲಿಲ್ಲ. ನಾಲ್ಕೇ ದನಿ. ಮೊದಲು ಸೊಪ್ರಾನೊ, ಅಂದರೆ ಹೆಂಗಸರ ಮೇಲಿನ ದನಿ, ಒಂದೇ ಹೊರಡುತ್ತದೆ. ನನ್ನ ಲೆಕ್ಕದಲ್ಲಿ ಅದು ಪ ಸ ಪ, ಪ ದ ಪ. ಪಂಚಮದಿಂದ ಷಡ್ಜಕ್ಕೆ ಇಳಿದು, ಮತ್ತೆ ಪಂಚಮಕ್ಕೆ ಹತ್ತಿ, ಶುದ್ಧ ಧೈವತವನ್ನು ಮುಟ್ಟಿ ವಾಪಸ್. ಇಷ್ಟೇ. ಅದು ಇನ್ನೂ ಮುಗಿದಿರುವುದಿಲ್ಲ, ಅಷ್ಟರಲ್ಲಿ ನಾವು ಅದನ್ನೇ ಎತ್ತಿಕೊಳ್ಳುತ್ತೇವೆ. ಆಮೇಲೆ ಗಂಡಸರು.

ಆ ಕಾಲದ ಪುಸ್ತಕಗಳ ಬಗ್ಗೆ ನಮ್ಮ ನಿರ್ದೇಶಕಿ ಹೇಳಿದ್ದು ನನಗೆ ತುಂಬಾ ಹಿಡಿಸಿತು. ಒಂದೊಂದು ದನಿಗೆ ಒಂದೊಂದು ಪುಸ್ತಕ. ಆಲ್ಟೊ ಪುಸ್ತಕದಲ್ಲಿ ಆಲ್ಟೊ ಮಾತ್ರ. ಬೇರೆಯವರು ಏನು ಹಾಡುತ್ತಾರೆ ಅಂತ ಅದರಲ್ಲಿ ಇರುವುದೇ ಇಲ್ಲ. ಈಗಿನ ಹಾಗೆ ಅಳತೆಯ ಗೀಟುಗಳೂ ಇಲ್ಲ. ಕಿವಿ ಕೊಟ್ಟು, ಎಣಿಸಿ, ಜಾಗ ಬಂದಾಗ ಸೇರಿಕೊಳ್ಳಬೇಕು. ಎಣಿಕೆಗೆ ಕೈ ಕೆಳಗೆ, ಕೈ ಮೇಲೆ. ಅದಕ್ಕೆ ಟ್ಯಾಕ್ಟಸ್ ಅನ್ನುತ್ತಾರೆ. ಇಟಲಿಯ ಸಂಗೀತ ಶಾಸ್ತ್ರಜ್ಞ ಗಫೂರಿಯಸ್ 1496ರಲ್ಲಿ ಅದರ ವೇಗವನ್ನು ಸಮಾಧಾನವಾಗಿ ಉಸಿರಾಡುವ ಮನುಷ್ಯನ ನಾಡಿಗೆ ಹೋಲಿಸಿದ್ದರು. ಹಾಗಾಗಿ ಒಂದು ಮಂಗಳವಾರ ನಾವೆಲ್ಲ ಮಣಿಕಟ್ಟು ಹಿಡಿದುಕೊಂಡು ಹಾಡಿದೆವು. ನೋಡಿದವರಿಗೆ ಕ್ಲಿನಿಕ್ಕಿನ ಹಾಗೆ ಕಂಡಿರಬೇಕು. ನಾನು ಬಸ್ಸಿಗೆ ಓಡಿ ಬಂದಿದ್ದೆ, ನನ್ನ ನಾಡಿ ಎಲ್ಲರಿಗಿಂತ ಜಾಸ್ತಿ ಓಡುತ್ತಿತ್ತು.

ಹಾಡಿನ ಮಾತು ಲ್ಯಾಟಿನ್. ಅಮ್ಮ ಫೋನಿನಲ್ಲಿ ಅರ್ಥ ಕೇಳಿದರು. ಎಂಥಾ ದೊಡ್ಡ ಬೆರಗು, ಗೋದಲಿಯಲ್ಲಿ ಮಲಗಿದ ದೇವರನ್ನು ದನಕರುಗಳು ಕಂಡವು ಅಂತ ಹೇಳಿದೆ.

"ಕೊಟ್ಟಿಗೇಲಿ ಹುಟ್ಟಿದ್ರೆ ದನ ನೋಡ್ದೆ ಇನ್ಯಾರು ನೋಡ್ತಾರೆ ಕಣೇ? ಅದ್ರಲ್ಲೇನು ಬೆರಗು?"

ಮಾತೂ ಸರಿಯೇ. ಆದರೆ ಆಮೇಲೆ ನನಗೆ ನಮ್ಮ ಮನೆಯ ಕೊಟ್ಟಿಗೆ ನೆನಪಾಯಿತು. ಗೌರಿ ಕರು ಹಾಕಿದ ರಾತ್ರಿ ಕರೆಂಟ್ ಇರಲಿಲ್ಲ, ಅಜ್ಜಿ ಲಾಟೀನು ಹಿಡಿದಿದ್ದರು. ಕರು ಎದ್ದು ನಿಲ್ಲಲು ಹೋಗಿ ಬಿತ್ತು. ಪಕ್ಕದ ಎರಡು ಹಸುಗಳು ಮೆಲುಕು ಹಾಕುವುದನ್ನು ನಿಲ್ಲಿಸಿ, ಕತ್ತು ತಿರುಗಿಸಿ ನೋಡಿದವು. ಸದ್ದೇ ಇಲ್ಲ. ಈ ಹಾಡಿನ ನಡುವೆಯೂ ಅಂಥದೊಂದು ಜಾಗ ಬರುತ್ತದೆ. ಗೋದಲಿ ಅನ್ನುವ ಮಾತಿಗೆ ಎಲ್ಲ ದನಿಗಳೂ ಬಂದು ತಂಗುತ್ತವೆ. ಒಂದು ಮೌನ. ಆಮೇಲೆ, ಅಲ್ಲಿಯವರೆಗೆ ಒಂದರ ಹಿಂದೊಂದು ಬರುತ್ತಿದ್ದ ನಾಲ್ವರೂ ಒಟ್ಟಿಗೆ, ಮೆಲ್ಲಗೆ, 'ಓ ಬೆಯಾತಾ ವಿರ್ಗೋ', ಧನ್ಯಳಾದ ಕನ್ಯೆ ಅಂತ ಯೇಸುವಿನ ತಾಯಿ ಮರಿಯಳನ್ನು ಕರೆಯುತ್ತಾರೆ.

ಆ ಮೌನದೊಳಗೆ ನಾನು ಒಂದು ಸಲ ಒಬ್ಬಳೇ ನುಗ್ಗಿದ್ದೇನೆ. ಜೋರಾಗಿ. ಪುಣ್ಯಕ್ಕೆ ಅದು ಪ್ರಾಕ್ಟೀಸ್. ಪಕ್ಕದ ಅಜ್ಜಿ ಏನೂ ಹೇಳಲಿಲ್ಲ. ನನ್ನ ಹಾಳೆಯನ್ನು ಎಳೆದುಕೊಂಡು, ಆ ಜಾಗದಲ್ಲಿ ಪೆನ್ಸಿಲ್‌ನಲ್ಲಿ ಒಂದು ಕನ್ನಡಕ ಬರೆದರು. ಇಲ್ಲಿ ತಲೆ ಎತ್ತಿ ನೋಡು ಅಂತ. ಇಗೋ, ಇದೇ ಆ ಹಾಳೆ. ಟೀ ಕಲೆ ನನ್ನದು.

ಕಛೇರಿಯಲ್ಲಿ ಬೇರೆ ಹಾಡುಗಳೂ ಇದ್ದವು. ಪ್ರೆಟೋರಿಯಸ್ 1609ರಲ್ಲಿ ಅಚ್ಚು ಹಾಕಿಸಿದ ಜರ್ಮನ್ ಗುಲಾಬಿ ಹಾಡು, ಅದು ಎಲ್ಲರಿಗೂ ಇಷ್ಟ. 1582ರ 'ಪಿಯೆ ಕಾಂತ್ಸಿಯೋನೆಸ್' ಸಂಗ್ರಹದ 'ಗೌದೇತೆ', ಅದು ಬಾಸ್‌ನವರಿಗೆ, ಅಂದರೆ ಗಂಡಸರ ಕೆಳ ದನಿಯವರಿಗೆ, ಕಿರುಚಲು ಒಂದು ನೆಪ. ಕೊನೆಗೆ 'ಕವೆಂಟ್ರಿ ಕ್ಯಾರಲ್'. ಹೆಸರಿಗೆ ಕ್ರಿಸ್‌ಮಸ್ ಹಾಡು, ನಿಜಕ್ಕೂ ಅದು ಹೆರೋದ ರಾಜನ ಸೈನಿಕರು ಮಕ್ಕಳನ್ನು ಕೊಲ್ಲಲು ಬರುವಾಗ ತಾಯಂದಿರು ಹಾಡುವ ಜೋಗುಳ. ಕವೆಂಟ್ರಿಯ ದರ್ಜಿಗಳು ಮತ್ತು ಉಣ್ಣೆ ಬಟ್ಟೆಯ ಮೇಲಿನ ನವಿರು ಕತ್ತರಿಸುವವರು ಸೇರಿ ಆಡುತ್ತಿದ್ದ ಬೀದಿ ನಾಟಕದ್ದು. ಮೂಲ ಹಸ್ತಪ್ರತಿ 1879ರಲ್ಲಿ ಬರ್ಮಿಂಗ್‌ಹ್ಯಾಮ್ ಲೈಬ್ರರಿಗೆ ಬೆಂಕಿ ಬಿದ್ದಾಗ ಸುಟ್ಟುಹೋಯಿತು. ಅದಕ್ಕೂ ಮುಂಚೆ ಥಾಮಸ್ ಶಾರ್ಪ್ ಅನ್ನುವವರು ನಕಲು ಮಾಡಿ ಅಚ್ಚು ಹಾಕಿಸಿದ್ದರಿಂದ ಹಾಡು ಉಳಿಯಿತು. ಇದನ್ನು ಹಾಡುವಾಗ ನಮ್ಮ ಸಾಲಿನಲ್ಲಿ ಯಾರೂ ಪಕ್ಕಕ್ಕೆ ತಿರುಗಿ ನೋಡುವುದಿಲ್ಲ.

ಸರಿ, ಕಂಬಕ್ಕೆ ವಾಪಸ್. ಈಗ ಕೇಳಿಸಿದ್ದು ಕೆಮ್ಮು. ಅದು ಮಫ್ಲರಿನವರದ್ದು. ಈಗ ಹಾಳೆ ತಿರುಗಿಸುವ ಸದ್ದು, ಅದು ನಾವು. ಮುಂದೆ ನಾನು ಮಾತಾಡುವುದಿಲ್ಲ, ಹೆಡ್‌ಫೋನ್ ಇದ್ದರೆ ಹಾಕಿಕೊಳ್ಳಿ. ಮೊದಲು ಸೊಪ್ರಾನೊ ಬರುತ್ತದೆ. ಎರಡನೆಯದು ನಾವು. ಅಲ್ಲೆಲ್ಲೋ ಪೆನ್ಸಿಲ್ ಬೀಳುವ ಸದ್ದೂ ಕೇಳಿಸುತ್ತದೆ, ಅದೂ ನಾನೇ.